ಕವರ್ ಮೇಲೆ ಹೋಗದ ಸಾಲು

2014ರಲ್ಲಿ ನಾನು ಸಿಂಗಪುರದ ಒಂದು ಇಂಗ್ಲಿಷ್ ಮಹಿಳಾ ವಾರಪತ್ರಿಕೆಯ ಫೀಚರ್ಸ್ ವಿಭಾಗದಲ್ಲಿ ಕಿರಿಯ ಬರಹಗಾರ್ತಿಯಾಗಿದ್ದೆ. ಕ್ಲೆಮೆಂಟಿಯಲ್ಲೊಂದು ಬಾಡಿಗೆ ರೂಮು, ಕಾಲೇಜಿನ ಡಿಬೇಟ್ ತಂಡದಲ್ಲಿ ಪಳಗಿದ ಬಾಯಿ, ಇವಿಷ್ಟೇ ನನ್ನ ಬಂಡವಾಳ. ಮಹಿಳಾ ಪತ್ರಿಕೆಗಳ ಮೇಲೆ ನಂಬಿಕೆ ಮಾತ್ರ ಸ್ವಲ್ಪವೂ ಇರಲಿಲ್ಲ. ಹೆಂಗಸರಿಗೆ ಮೊದಲು ಒಂದು ಕೊರತೆ ತೋರಿಸಿ ಆಮೇಲೆ ಅದಕ್ಕೆ ಮದ್ದು ಮಾರುವ ವ್ಯಾಪಾರ ಇದು ಎಂದು ಸೇರುವ ಮೊದಲೇ ತೀರ್ಮಾನಿಸಿದ್ದೆ. ಹಾಗಾದರೆ ಸೇರಿದ್ದೇಕೆ? ಅಲ್ಲಿ ದುಡಿಯಲು ಬೇಕಾದ ವರ್ಕ್ ಪಾಸ್ ಕೊಡಿಸಲು ಒಪ್ಪಿದವರು ಅವರೊಬ್ಬರೇ.

ಆ ಆಫೀಸಿನಲ್ಲಿ ದೇವರ ಮನೆಯಷ್ಟು ಮುಖ್ಯವಾದ ಜಾಗವೆಂದರೆ ಗೋಡೆಗೆ ಒರಗಿಸಿಟ್ಟಿದ್ದ ಒಂದು ರ್‍ಯಾಕ್. ಸೂಪರ್‌ಮಾರ್ಕೆಟ್ ಕೌಂಟರಿನ ಪಕ್ಕ ಇರುತ್ತದಲ್ಲ, ಅಂಥದ್ದೇ. ಪ್ರತಿ ವಾರ ನಮ್ಮ ಕವರಿನ ನಮೂನೆಯನ್ನು ಬೇರೆ ಪತ್ರಿಕೆಗಳ ನಡುವೆ ಅದರಲ್ಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಬೇಕು. ಚಿತ್ರದ ಸುತ್ತ ಇರುವ ದಪ್ಪ ಅಕ್ಷರದ ಸಾಲುಗಳಿಗೆ ಕವರ್ ಲೈನ್ ಎನ್ನುತ್ತಾರೆ. ಕ್ಯೂನಲ್ಲಿ ನಿಂತವಳ ಕಣ್ಣು ಅವುಗಳ ಮೇಲೆ ಬೀಳುವುದು ಒಂದು ಕ್ಷಣ. ಅಷ್ಟರಲ್ಲಿ ಅವಳ ಕೈ ಮುಂದೆ ಬರಬೇಕು. ಅಡುಗೆ, ತೂಕ, ಮಕ್ಕಳು, ಮತ್ತೆ ಯಾರೋ ಒಬ್ಬಳ ನಿಜ ಜೀವನದ ಕಥೆ: ಈ ಕಥೆಯೇ ಗಾಳ.

ಆ ವಾರದ ಕಥೆ ನಾನು ತಂದದ್ದು. ಮೈಸೂರಿನ ರೂಪಾ ಸೆಂಗ್‌ಕಾಂಗ್‌ನಲ್ಲಿ ಗಂಡ, ಇಬ್ಬರು ಮಕ್ಕಳ ಜೊತೆ ಇದ್ದವರು. ಅಲ್ಲಿಯದೇ ಒಂದು ಚೈಲ್ಡ್‌ಕೇರ್ ಸೆಂಟರಿನಲ್ಲಿ ಕೂಸುಗಳ ಕೋಣೆಯ ಟೀಚರ್. ಮೊದಲ ಸಲ ಸಿಕ್ಕಾಗ ಬಾಯಿ ತಪ್ಪಿ ಆಂಟಿ ಎಂದಿದ್ದೆ. "ಇನ್ನೊಂದ್ಸಲ ಆಂಟಿ ಅಂದ್ರೆ ಇಂಟರ್‌ವ್ಯೂ ಕ್ಯಾನ್ಸಲ್," ಎಂದಿದ್ದರು. ಎರಡನೆಯ ಹೆರಿಗೆಯ ನಂತರ ಅವರಿಗೆ ಖಿನ್ನತೆ ಬಂದಿತ್ತು. ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಹೆಸರು, ಫೋಟೋ ಎರಡಕ್ಕೂ ಒಪ್ಪಿದರು. ಅವರ ಒಂದು ಮಾತು: "ಆಗ ನನ್ನ ಮಗು ನನಗೇ ಬೇಡವಾಗಿತ್ತು. ಅದು ಕಾಯಿಲೆ, ನಾನಲ್ಲ ಅಂತ ತಿಳಿಯೋಕೆ ಡಾಕ್ಟರ್ ಬೇಕಾಯ್ತು."

ಕವರ್ ಪ್ರಿಂಟರಿಗೆ ಹೋಗುವ ದಿನ ಬೆಳಿಗ್ಗೆ ರ್‍ಯಾಕ್ ನೋಡಿದೆ. ರೂಪಾ ನಗುತ್ತಿರುವ ದೊಡ್ಡ ಫೋಟೋ. ಪಕ್ಕದಲ್ಲಿ ಹಳದಿ ಅಕ್ಷರದಲ್ಲಿ: 'ನನ್ನ ಮಗು ನನಗೆ ಬೇಡವಾಗಿತ್ತು'. ಮುಂದಿನ ವಾಕ್ಯ ಇಲ್ಲ.

ನಾನು ನೇರವಾಗಿ ಸಂಪಾದಕಿ ಐರೀನ್ ಹತ್ತಿರ ಹೋದೆ. ಎದುರಾಳಿಯ ಅರ್ಧ ವಾಕ್ಯ ಕತ್ತರಿಸಿ ಗೆಲ್ಲುವ ಆಟ ನನಗೆ ಚೆನ್ನಾಗಿ ಗೊತ್ತು, ನಾನೂ ಆಡಿದ್ದೇನೆ, ಆದರೆ ರೂಪಾ ಎದುರಾಳಿಯಲ್ಲ ಎಂದೆ. ಪರರ ಕೂಸುಗಳನ್ನು ನೋಡಿಕೊಳ್ಳುವ ಟೀಚರ್ ಮುಖದ ಪಕ್ಕ ಈ ಸಾಲು ಬಂದರೆ ಅವರ ಕೆಲಸ ಉಳಿಯುತ್ತದೆಯೇ ಎಂದು ಕೇಳಿದೆ.

ಐರೀನ್ ಚಹಾದ ಕಪ್ಪು ಕೆಳಗಿಡಲಿಲ್ಲ. "ಅವಳು ಹೇಳಿದ್ದು ತಾನೇ? ಸುಳ್ಳಲ್ಲವಲ್ಲ. ಇದೇ ಸ್ಥಿತಿಯಲ್ಲಿರೋ ಇನ್ನೊಬ್ಬ ತಾಯಿ ಕ್ಯೂನಲ್ಲಿ ನಿಂತಿರ್ತಾಳೆ. ಮೆತ್ತಗೆ ಬರೆದರೆ ಅವಳು ಎತ್ತಿಕೊಳ್ಳೋದೇ ಇಲ್ಲ. ಯಾರೂ ಎತ್ತಿಕೊಳ್ಳದ ಪತ್ರಿಕೆಯಿಂದ ಯಾರನ್ನ ಉಳಿಸ್ತೀಯ ನೀನು?"

ವಾದ ಗಟ್ಟಿಯಾಗಿತ್ತು, ಅದೇ ಸಿಟ್ಟು ತರಿಸಿದ್ದು. ಪ್ರಿಂಟರಿಗೆ ಸಂಜೆ ಆರರ ಗಡುವು. ರೂಪಾಗೆ ಫೋನ್ ಮಾಡಿದರೆ ಎತ್ತಲಿಲ್ಲ; ಡ್ಯೂಟಿಯಲ್ಲಿರುವಾಗ ಅವರ ಫೋನು ಲಾಕರಿನಲ್ಲಿರುತ್ತದೆ. ನಮೂನೆಯ ಒಂದು ಪ್ರಿಂಟ್ ಬ್ಯಾಗಿಗೆ ಹಾಕಿಕೊಂಡು MRT ರೈಲು ಹತ್ತಿದೆ. ಸೆಂಗ್‌ಕಾಂಗ್‌ನಲ್ಲಿ ಇಳಿದು ಬಡಾವಣೆಯೊಳಗೆ ಓಡುವ ಪುಟ್ಟ LRT ರೈಲು ಹಿಡಿದು ಸೆಂಟರ್ ತಲುಪುವಾಗ ಮಕ್ಕಳು ಮಲಗುವ ಹೊತ್ತು. ರೂಪಾ ಗೇಟಿಗೆ ಬಂದರು.

ನಾನು ಕೊಟ್ಟ ನಮೂನೆ ನೋಡಿದರು. ಹಳದಿ ಸಾಲಿನ ಮೇಲೆ ಬೆರಳಿಟ್ಟರು.

"ಮಾತು ನಂದೇ," ಎಂದರು. "ಆದ್ರೆ ನಾಳೆ ಇದೇ ಗೇಟಲ್ಲಿ ಅಮ್ಮಂದಿರು ಮಗುನ ನನ್ನ ಕೈಗೆ ಕೊಡ್ಬೇಕಲ್ಲ ಮೇಘನಾ."

"ಪ್ರಿನ್ಸಿಪಾಲ್‌ಗೆ ಗೊತ್ತಾ?"

"ಮ್ಯಾಗಜೀನಲ್ಲಿ ಬರ್ತೀನಿ ಅಂದಿದ್ದೆ. ಪಾಪ, ಬಿಸಿಬೇಳೆಬಾತ್ ರೆಸಿಪಿ ಅಂದ್ಕೊಂಡಿದ್ದಾರೆ."

ಕಥೆಯನ್ನೇ ವಾಪಸ್ ತಗೊಳ್ಳೋಣ, ಐರೀನ್ ಜೊತೆ ನಾನು ಜಗಳ ಆಡುತ್ತೇನೆ ಎಂದೆ. ರೂಪಾ ನನ್ನನ್ನೇ ತಿರುಗಿ ಕೇಳಿದರು: "ಹೆದರಿ ತೆಗೆದ್ರೆ ನಾನು ಹೇಳಿದ್ದೇ ತಪ್ಪು ಅಂತಾಗಲ್ವಾ? ಒಳಗೆ ಹಾಕು. ಹೆಸರು ಇರ್ಲಿ, ಫೋಟೋ ಇರ್ಲಿ, ಈ ಮಾತೂ ಇರ್ಲಿ, ಮುಂದಿನ ಮಾತಿನ ಜೊತೆ."

"ಕವರ್ ಮೇಲಿಲ್ಲ ಅಂದ್ರೆ ಬೇಕಾದವರಿಗೆ ಹೇಗೆ ತಲುಪುತ್ತೆ?" ಐರೀನ್ ವಾದವನ್ನು ಅವರ ಮುಂದಿಟ್ಟೆ.

"ನಂಗೆ ಹೇಗೆ ತಲುಪ್ತು? ಆ ದಿನಗಳಲ್ಲಿ ನಿಮ್ಮ ಮ್ಯಾಗಜೀನ್ ತಗೊಂಡಿದ್ದೆ, ಬೇಗ ಆಗೋ ರಾತ್ರಿ ಅಡುಗೆ ಅಂತ ಇತ್ತು ಮೇಲೆ. ಒಳಗೆಲ್ಲೋ ನಿದ್ದೆ ಬರದ ತಾಯಂದಿರ ಬಗ್ಗೆ ಒಂದು ಸಣ್ಣ ಕಾಲಂ. ನಮ್ಮ ಬ್ಲಾಕಿನ ಕೆಳಗಡೆ ಖಾಲಿ ಜಾಗ ಇರುತ್ತಲ್ಲ, ಆ ವಾಯ್ಡ್ ಡೆಕ್‌ನಲ್ಲಿ ಕೂತು ಓದ್ದೆ, ಮಾರನೇ ದಿನ ಸರ್ಕಾರಿ ಪಾಲಿಕ್ಲಿನಿಕ್‌ಗೆ ಹೋದೆ. ಕವರ್ ಮೇಲೇ ನನ್ನ ಕಾಯಿಲೆ ಬರೆದಿದ್ರೆ ಮುಟ್ತಿದ್ನಾ? ಕ್ಯೂನಲ್ಲಿ ಹಿಂದೆ ನಮ್ಮ ಬ್ಲಾಕಿನವರು ನಿಂತಿರ್ತಾರೆ, ಪಕ್ಕದಲ್ಲಿ ಅತ್ತೆ ಇರ್ತಾರೆ."

ಒಳಗೊಂದು ಕೂಸು ಅಳಲು ಶುರುಮಾಡಿತು. ಅವರು ಓಡಿದರು.

ಆಫೀಸಿಗೆ ಮರಳಿದಾಗ ಗಡುವಿಗೆ ಸ್ವಲ್ಪವೇ ಹೊತ್ತಿತ್ತು. ರೂಪಾ ಹೇಳಿದ್ದನ್ನು ಐರೀನ್‌ಗೆ ಹೇಳಿದೆ. "ಒಬ್ಬಳ ಅನುಭವ," ಎಂದರು. "ನೀನೇ ಹೇಳ್ತಿರ್ತೀಯಲ್ಲ, ಒಂದು ಉದಾಹರಣೆ ಪುರಾವೆ ಅಲ್ಲ ಅಂತ." ನನ್ನ ಕತ್ತಿಯಿಂದಲೇ ನನ್ನನ್ನು ಕತ್ತರಿಸಿದ್ದರು.

"ಸರಿ. ಹಾಗಾದ್ರೆ ಪರೀಕ್ಷೆ ಪೂರ್ತಿ ಮಾಡೋಣ," ಎಂದೆ. "ರ್‍ಯಾಕಲ್ಲಿಟ್ಟು ನೋಡ್ತೀವಿ. ಎತ್ತಿಕೊಂಡು ಕೌಂಟರ್‌ವರೆಗೆ ನಡೆದು ಯಾವತ್ತೂ ನೋಡಿಲ್ಲ."

ಐರೀನ್ ಬೇಸರದಿಂದಲೇ ಮೇ ಲಿಂಗ್‌ಳನ್ನು ಕರೆದರು. ಬ್ಯೂಟಿ ಪುಟ ನೋಡುತ್ತಿದ್ದ ಆಕೆ ಹೆರಿಗೆ ರಜೆ ಮುಗಿಸಿ ಆಗಷ್ಟೇ ಬಂದವಳು. ನಮ್ಮ ಮಾತು ಕೇಳಿಸಿಕೊಂಡಿರಲಿಲ್ಲ. "ಆ ಕವರ್ ಇಲ್ಲಿ ತಾ," ಎಂದರು ಐರೀನ್.

ಮೇ ಲಿಂಗ್ ರ್‍ಯಾಕಿನ ಮುಂದೆ ನಿಂತು ಓದಿದಳು. ಎತ್ತಿಕೊಂಡಳು. ಸೇಲ್ಸ್ ಹುಡುಗರ ಮೇಜುಗಳನ್ನು ದಾಟಿ ಬರಬೇಕಿತ್ತು. ಬಂದಾಗ ಕವರಿನ ಮುಖ ಅವಳ ಎದೆಗೆ ಒತ್ತಿಕೊಂಡಿತ್ತು, ನಮಗೆ ಕಂಡದ್ದು ಹಿಂಬದಿಯ ಬಿಳಿ ಹಾಳೆ.

ಐರೀನ್ ಅದನ್ನು ಕೈಗೆ ತೆಗೆದುಕೊಳ್ಳದೆ ನೋಡುತ್ತ ಕೂತರು. ಆಮೇಲೆ ಡಿಸೈನರ್‌ಗೆ ಕವರಿಗಾಗಿ ಕೋಳಿ ಸಾರಿನ ಫೋಟೋ ಹುಡುಕಲು ಹೇಳಿದರು. ರೂಪಾ ಕಥೆಗೆ ಕೆಳಗಡೆ ಒಂದು ಸಣ್ಣ ಸಾಲು: 'ಹೆರಿಗೆಯಾದ ಮೇಲೆ ಯಾರೂ ಕೇಳದ ಪ್ರಶ್ನೆ'. "ಮಾರಾಟ ಆಗದಿದ್ರೆ ಮ್ಯಾನೇಜ್‌ಮೆಂಟಿಗೆ ನೀನೇ ಉತ್ತರ ಕೊಡು," ಎಂದರು.

ಮಾರಾಟ ಸಪ್ಪೆಯಾಗಿಯೇ ಇತ್ತು. ಮೀಟಿಂಗಿನಲ್ಲಿ ಎಲ್ಲರೆದುರು ಉತ್ತರ ಕೊಟ್ಟೆ, ಯಾರೂ ಒಪ್ಪಲಿಲ್ಲ. ಹಾಗಾಗಿ ಇದನ್ನು ಗೆದ್ದ ಕಥೆ ಎನ್ನಲಾರೆ.

ಪತ್ರಿಕೆ ಹೊರಬಂದ ದಿನ ರೂಪಾ ಮೆಸೇಜ್ ಬಂತು: 'ಪ್ರಿನ್ಸಿಪಾಲ್ ಕರೀತಿದ್ದಾರೆ'. ಆಮೇಲೆ ಸದ್ದಿಲ್ಲ. ಸಂಜೆ ಅವರೇ ಫೋನ್ ಮಾಡಿದರು. ಪ್ರಿನ್ಸಿಪಾಲ್ ಇಡೀ ಲೇಖನ ಓದಿದ್ದರಂತೆ. ಈಗ ಹೇಗಿದ್ದೀರಿ, ಔಷಧ ಇದೆಯೇ ಎಂದೆಲ್ಲ ಕೇಳಿ, ಕೆಲವು ದಿನ ದೊಡ್ಡ ಮಕ್ಕಳ ಕ್ಲಾಸಿಗೆ ಹೋಗಿ ಎಂದಿದ್ದರು.

"ಬೇಜಾರಾಯ್ತಾ?" ಎಂದೆ.

"ಆಗ್ದೆ ಇರುತ್ತಾ? ಆದ್ರೆ ಕೆಲಸ ಇದೆ. ಇನ್ನೊಂದು ಕೇಳು. ಸಂಜೆ ಗೇಟ್ ಹತ್ರ ಒಬ್ಬಳು ಅಮ್ಮ ಪ್ರ್ಯಾಮ್ ಹಿಡ್ಕೊಂಡು ನಿಂತಿದ್ಲು. ಎಲ್ಲರೂ ಹೋಗೋವರೆಗೂ ಕಾದು, ನಿಮ್ಮ ಡಾಕ್ಟರ್ ಯಾರು ಅಂತ ಕೇಳಿದ್ಲು."

ಅದೊಂದು ಉದಾಹರಣೆ, ಪುರಾವೆಯಲ್ಲ, ನನಗೆ ಗೊತ್ತು. ಆದರೂ ಆಮೇಲೆ ಆ ಕೆಲಸದಲ್ಲಿದ್ದಷ್ಟು ಕಾಲ ಯಾವ ಸಾಲು ಬರೆದರೂ ಅದು ನಿಜವೇ ಎಂದಷ್ಟೇ ಕೇಳಿ ಬಿಡಲಿಲ್ಲ. ಇದನ್ನು ಎತ್ತಿಕೊಂಡವಳು ಯಾರ ಯಾರ ಮುಂದೆ ಹಾದು ಮನೆಗೆ ಹೋಗಬೇಕು ಎಂದೂ ಕೇಳಿಕೊಂಡೆ. ಡಿಬೇಟ್ ವೇದಿಕೆಯಲ್ಲಿ ಈ ಪ್ರಶ್ನೆಯನ್ನು ಯಾರೂ ನನಗೆ ಕಲಿಸಿರಲಿಲ್ಲ.