ಅಕ್ಕೋರ ಚಹಾ
ನಾಗರತ್ನಾ ಅಕ್ಕೋರ ಬಾಯಲ್ಲಿ ಎಲ್ಲವೂ ಛಲೋ: ಊಟ ಛಲೋ, ನೀರು ಛಲೋ, ಮುರಿದ ಕಿಟಕಿಯೂ ಗಾಳಿಗೆ ಛಲೋ. ಬೆಟಗೇರಿಯಲ್ಲಿ ಅನಾಥ ಬಾಲಕಿಯರ ಒಂದು ಸರ್ಕಾರಿ ವಸತಿಗೃಹಕ್ಕೆ ಅವರು ಅಧೀಕ್ಷಕಿ. ಇಂಥ ಸರ್ಕಾರಿ ಮನೆಗಳು ಹೇಗೆ ನಡೆಯುತ್ತಿವೆ ಎಂದು ಎಲ್ಲರನ್ನೂ ಕೇಳಿ ವರದಿ ಕೊಡುವುದಷ್ಟೇ ನನ್ನ ಕೆಲಸ; ಮುಂದಿನ ತೀರ್ಮಾನ ಮೇಲಿನವರದು. ಹುಡುಗಿಯರ ಜೊತೆ ಮಾತಾಡಬೇಕೆಂದರೆ ಅಕ್ಕೋರು ತಕ್ಷಣ ಹೊರಗೆ ಹೋಗುತ್ತಾರೆ, ಆದರೆ ಬಾಗಿಲಾಚೆ ಅವರ ಕೀಲಿಗೊಂಚಲು ಸದ್ದು ಮಾಡುತ್ತಲೇ ಇರುತ್ತದೆ. ಒಳಗೆ ಯಾರಾದರೂ ‘ಆದ್ರ’ ಎಂದರೆ ಸಾಕು, ಚಹಾ ಬರುತ್ತದೆ; ಕಣ್ಣು ತುಂಬಿದರೆ ಮಂಡಕ್ಕಿಯ ಗಿರಮಿಟ್ಟೇ ಬರುತ್ತದೆ. ಮೊನ್ನೆ ಸ್ನೇಹಾ ಎಂಬ ಹುಡುಗಿ, ತಂಗಿಯ ಕೈ ಬಿಡದೆ, ‘ಅಡಗಿಯಾಕಿ ನಮಗ ಹೊಡಿ...’ ಎನ್ನುವಷ್ಟರಲ್ಲಿ ಚಹಾದ ತಟ್ಟೆ ಒಳಬಂತು. ‘ಅಕ್ಕೋರ, ಆಕಿಗೆ ಮಾತಾಡಾಕ ಬಿಡ್ರಿ’ ಎಂದು ನಾನು ಸಿಡುಕಿದೆ. ತಟ್ಟೆ ಹಿಡಿದುಕೊಂಡೇ ಅಕ್ಕೋರು ಹೇಳಿದರು: ‘ನಾನೂ ಇಂಥಾ ಮನ್ಯಾಗ ಬೆಳದಾಕಿರಿ. ಹಿಂಗ ಕೇಳಾಕ ಬಂದವ್ರಿಗೆ, ನಮ್ಮನ್ನ ಹೊಡಿತಾರಂತ ಖರೆ ಹೇಳಿದ್ದೆ. ಆ ಮನಿ ಮುಚ್ಚಿದ್ರು. ನನ್ನ ಒಂದು ಊರಿಗೆ, ನನ್ನ ತಂಗೀನ್ನ ಇನ್ನೊಂದು ಊರಿಗೆ ಕಳಿಸಿದ್ರು. ಆಕಿ ಎಲ್ಲಿ ಅದಾಳಂತ ಇವತ್ತಿಗೂ ಗೊತ್ತಿಲ್ಲ.’ ಅಕ್ಕೋರು ತಟ್ಟೆ ಕೆಳಗಿಟ್ಟು ಕುಳಿತರು. ‘ಈಗ ಕೇಳ್ರಿ, ನಾ ಅಡ್ಡ ಬರೂದಿಲ್ಲ. ಆದ್ರ ಇವ್ರಿಬ್ಬರನ್ನ ಕೂಡೇ ಇರಸ್ತೀನಂತ ಮೊದಲ ಮಾತು ಕೊಡ್ರಿ.’ ಅಕ್ಕ ತಂಗಿಯರಿಬ್ಬರೂ ನನ್ನ ಮುಖ ನೋಡಿದರು. ನಾನು ಚಹಾದ ಲೋಟಕ್ಕೆ ಕೈ ಚಾಚಿದೆ.