ಜರಡಿ ಮೇಡಂ ಬಾಯಿ ಬಿಡಲಿಲ್ಲ

ಹೋದ ತಿಂಗಳು ತೀರಿಕೊಂಡ ನನ್ನ ಗೆಳತಿಯನ್ನು ಬ್ಯಾಂಕಿನಲ್ಲಿ ಎಲ್ಲರೂ ಜರಡಿ ಮೇಡಂ ಎನ್ನುತ್ತಿದ್ದರು. ಗಿರಾಕಿಗಳ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನೋಡಿ, ಸಂಶಯ ಬಂದರೆ ಸರ್ಕಾರಕ್ಕೆ ತಿಳಿಸುವುದು ಅವಳ ಕೆಲಸ. "ಇವರ ಪಕ್ಕ ಊಟಕ್ಕೆ ಕೂತರೆ ಉಪ್ಪಿಗೂ ರಸೀದಿ ಕೇಳ್ತಾರಪ್ಪ" ಎಂದು ಕ್ಯಾಷಿಯರ್ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು; ಡಬ್ಬಿ ಮಾತ್ರ ಒಬ್ಬಳೇ ಬಿಚ್ಚುತ್ತಿದ್ದಳು. ಮದುವೆಯಾಗಲಿಲ್ಲ. ತಾಯಿ ಹೋದ ಮೇಲೆ ತಾನೇ ತಲೆ ಬಾಚಿ ಬೆಳೆಸಿದ ತಂಗಿಯೊಬ್ಬಳೇ ಬಂಧು, ಬಳಗ ಎಲ್ಲ.

ಅಕ್ಕಪಕ್ಕದ ದೇಶಗಳು ಕಳ್ಳಹಣದ ಜಾಡನ್ನು ಒಟ್ಟಾಗಿ ಹಿಡಿಯಲು ಒಪ್ಪಿಕೊಂಡಿದ್ದ ಕಾಲ ಅದು. ಒಂದು ದಿನ ನೆರೆದೇಶದ ತನಿಖೆಯವರ ಪ್ರಶ್ನೆ ಅವಳ ಮೇಜಿಗೆ ಬಂತು. ಅಲ್ಲಿ ಬಾಂಬಿಟ್ಟವರಿಗೆ ಈ ಊರಿನ ಅನಾಥಾಲಯದ ಟ್ರಸ್ಟೊಂದರಿಂದ ಹಣ ಹೋಗಿದೆಯೆಂಬ ಶಂಕೆ. ಟ್ರಸ್ಟ್ ನಡೆಸುತ್ತಿದ್ದವನು ತಂಗಿಯ ಗಂಡ.

ಅವಳು ಸಂಬಂಧ ತಿಳಿಸಿ ಕಡತವನ್ನು ಬೇರೆಯವರಿಗೆ ಒಪ್ಪಿಸಿದಳು. "ಹೊರಗೆ ಒಂದು ಮಾತು ಹೋದ್ರೂ ಅವರು ಎಚ್ಚೆತ್ತುಕೊಳ್ತಾರೆ, ನಿಮಗೂ ಜೈಲು" ಎಂದರು ಮ್ಯಾನೇಜರ್, ಅವಳ ಮುಖ ನೋಡದೆ.

ಆ ಭಾನುವಾರ ಒಗೆದ ಬಟ್ಟೆ ಮಡಿಸುತ್ತ ತಂಗಿ ಕೇಳಿದಳು: "ಅಕ್ಕಾ, ಇವ್ರು ನನ್ನನ್ನೂ ಟ್ರಸ್ಟಿಗೆ ಸೇರಿಸ್ತಾರಂತೆ. ಸಹಿ ಹಾಕ್ಲಾ?"

ನಾಲಿಗೆ ತುದಿಗೆ ಬಂದ 'ಬೇಡ' ಅಲ್ಲೇ ನಿಂತಿತು. "ಓದದೆ ಎಲ್ಲೂ ಸಹಿ ಹಾಕ್ಬೇಡಿ ಅಂತ ಬ್ಯಾಂಕಿಗೆ ಬರೋರಿಗೆಲ್ಲ ಹೇಳ್ತೀನಿ."

"ನನ್ನ ಹತ್ರಾನೂ ಬ್ಯಾಂಕ್ ತೆರೀಬೇಡ ಕಣೆ. ಹಾಕ್ಲಾ, ಬೇಡ್ವಾ?"

"ನನ್ನ ಕೇಳ್ಬೇಡ."

"ಕೇಳೋಕೆ ನಂಗಿನ್ಯಾರಿದ್ದಾರೆ?"

ಅಕ್ಕ ಮಡಿಸಿಟ್ಟ ದಿಂಬಿನ ಚೀಲವನ್ನೇ ಬಿಡಿಸಿ ಮತ್ತೆ ಮಡಿಸಿದಳು.

ತಂಗಿ ಸಹಿ ಹಾಕಿದಳು. ಸ್ವಲ್ಪ ದಿನಕ್ಕೆ ಖಾತೆಗಳನ್ನು ತಡೆಹಿಡಿದರು, ಗಂಡ ಸೆರೆಯಾದ, ಸಹಿಯಿದ್ದ ತಪ್ಪಿಗೆ ಅವಳನ್ನೂ ಒಳಗೆ ಕೂರಿಸಿಕೊಂಡರು. ಅವಳಿಗೇನೂ ಗೊತ್ತಿರಲಿಲ್ಲವೆಂದು ಖಚಿತವಾಗಿ ಬಿಟ್ಟಾಗ ಜೈಲಿನ ಗೇಟಿನ ಬಳಿ ಅಕ್ಕ ಕಾಯುತ್ತಿದ್ದಳು.

"ಬಟ್ಟೆ ಮಡಿಸ್ತಿದ್ವಲ್ಲ, ಅವತ್ತೇ ನಿಂಗೆ ಗೊತ್ತಿತ್ತು, ಅಲ್ವಾ?"

"ಹೂಂ."

ತಂಗಿ ರಸ್ತೆ ದಾಟಿ ಬಸ್ಸು ಹತ್ತಿದಳು. ಆಮೇಲೆ ತಂಗಿಯ ಮನೆಯ ಬಾಗಿಲು ಅಕ್ಕನಿಗೆ ತೆರೆಯಲಿಲ್ಲ.

ಆ ಹಣ ನಿಂತದ್ದರಿಂದ ಗಡಿಯಾಚೆ ಯಾರ ಯಾರ ಜೀವ ಉಳಿಯಿತೋ. ಅವರಲ್ಲಿ ಒಬ್ಬರ ಮುಖವೂ ಅವಳು ಕಂಡವಳಲ್ಲ. ಕಂಡಿದ್ದ ಮುಖವೊಂದೇ, ಅದು ತಿರುಗಿ ನೋಡಲಿಲ್ಲ.

ಕೊನೆಗೆ ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು: "ಹತ್ತಿರದವರು ಯಾರಮ್ಮಾ?"

ಅವಳು ತಂಗಿಯ ಹೆಸರು, ನಂಬರು ತಡವರಿಸದೆ ಹೇಳಿದಳು. ನರ್ಸ್ ಫೋನ್ ಎತ್ತಿಕೊಂಡಾಗ ಕೈ ಅಡ್ಡ ಹಿಡಿದಳು.

"ಬರ್ಕೊಳ್ಳಿ ಅಷ್ಟೇ. ಮಾಡೋದು ಬೇಡ."