ಬಲಕ್ಕೆ ಎಳೆಯುವ ಗಾಡಿಗಳು

ಬೆಳಗಾವಿಯಿಂದ ಪುಣೆಗೆ ಹೊರಡುವ ಬೆಳಗಿನ ಆರೂವರೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಟಿಕೆಟ್ಟು ಆರುನೂರು ಚಿಲ್ಲರೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಗೆಳೆಯನ ಮನೆಗೆಂದು ಒಂದು ಕಿಲೊ ಕುಂದಾ, ಅಂಗಿಯ ಜೇಬಿನಲ್ಲಿ ಒಂದು ಪೆನ್‌ಡ್ರೈವ್. ಗುರುನಾಥ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಹೊಸಾ ಕಾರ್ ತಗೋಬೇಕಂತೀನಿ. ಏಳು ಗಾಡಿ ನೋಡಿದೆ, ಒಂದರಾಗೂ ಸೌಂಡ್ ಬರೋಬರಿ ಇಲ್ಲ. ನೀ ಒಮ್ಮೆ ಬಂದು ಕೇಳು."

ಹಾಡಿನ ಪೆಟ್ಟಿಗೆಯ ಸಲುವಾಗಿ ಮುನ್ನೂರೈವತ್ತು ಕಿಲೋಮೀಟರು ಹೋಗುವವರುಂಟೇ ಎಂದು ನನ್ನ ಹೆಂಡತಿ ನಕ್ಕಳು. ಉಂಟು. ನಾನೂ ಗುರುನಾಥನೂ ಹದಿನೆಂಟು ವರ್ಷ ಬೆಳಗಾವಿಯಲ್ಲಿ ಕಾರುಗಳಿಗೆ ಸ್ಟೀರಿಯೊ ಕೂಡಿಸುವ ಅಂಗಡಿ ನಡೆಸಿದವರು. ಆಗ ಕಂಪನಿಯಿಂದ ಬರುವ ಕಾರಿನಲ್ಲಿ ಸೆಟ್ಟೇ ಇರುತ್ತಿರಲಿಲ್ಲ. ಇದ್ದರೂ ಡಬ್ಬಿಯಲ್ಲಿ ಹರಳು ಹಾಕಿ ಅಲುಗಾಡಿಸಿದ ಹಾಗೆ ಕೇಳಿಸುತ್ತಿತ್ತು. ಜನ ಹೊಸ ಗಾಡಿಗೆ ಪೂಜೆ ಮಾಡಿಸಿ, ಹಣೆಯ ಕುಂಕುಮ ಆರುವ ಮೊದಲೇ ನಮ್ಮಲ್ಲಿಗೆ ತರುತ್ತಿದ್ದರು. ಬಾಗಿಲು ಬಿಚ್ಚಿ ವೈರು ಎಳೆಯುವ ಕೆಲಸ ನನ್ನದು. ಕೊನೆಗೆ ಡ್ರೈವರ್ ಸೀಟಿನಲ್ಲಿ ಕೂತು ದನಿ ಹೊಂದಿಸುವವನು ಗುರುನಾಥ. ಅವನ ಕಿವಿಯ ಹೆಸರು ಕೊಲ್ಹಾಪುರದವರೆಗೂ ಹೋಗಿತ್ತು. ಬಾಗಿಲಿನೊಳಗೆ ಒಂದು ಸ್ಕ್ರೂ ಸಡಿಲಾಗಿದ್ದರೆ ಎಂಜಿನ್ ಸದ್ದಿನ ನಡುವೆಯೇ ಹಿಡಿದು ಹೇಳುತ್ತಿದ್ದ. ಹಳದಿ ಅಂಟಿನ ವಾಸನೆ, ಗರಗಸದ ಪುಡಿ, ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಿಂದ ಮುರಿದು ತಿನ್ನುತ್ತಿದ್ದ ಕಡಕ್ ರೊಟ್ಟಿ, ಇವೆಲ್ಲ ನನಗೆ ಈಗಲೂ ಬೇಕೆನಿಸುತ್ತವೆ.

ಆಮೇಲೆ ಕಂಪನಿಗಳೇ ಒಳ್ಳೆಯ ಸೆಟ್ಟು ಕೂಡಿಸಿ ಕೊಡತೊಡಗಿದವು. ನಾವು ನೊಣ ಹೊಡೆಯುತ್ತ ಎರಡು ವರ್ಷ ಕಳೆದು ಅಂಗಡಿ ಮುಚ್ಚಿದೆವು. ನಾನು ಫ್ಯಾನು, ಬಲ್ಬು ಮಾರಲು ಹಿಡಿದೆ. ಗುರುನಾಥ ಪುಣೆಗೆ ಹೋಗಿ ಹಡಪಸರದ ಒಂದು ಕಾರ್ಖಾನೆ ಸೇರಿದ. ಕಂಪನಿ ಕಾರುಗಳಿಗೆ ಹೋಗುವ ಸ್ಪೀಕರುಗಳನ್ನು ಒಂದೊಂದಾಗಿ ಕೇಳಿ ಪಾಸು ಮಾಡುವ ಕೆಲಸ. ನಮ್ಮ ಅಂಗಡಿ ಮುಚ್ಚಿಸಿದವರ ಪಗಾರವನ್ನೇ ತಿಂದು ಹೋದ ವರ್ಷ ನಿವೃತ್ತನಾದ. ಆದರೂ 'ಕಂಪನಿ ಸೆಟ್ಟು' ಎನ್ನುವಾಗ ಇಬ್ಬರ ಮೂಗೂ ಇಂದಿಗೂ ಸೊಟ್ಟಗಾಗುತ್ತದೆ.

ಕರಾಡದ ಹತ್ತಿರ ಬಸ್ಸು ಇಪ್ಪತ್ತು ನಿಮಿಷ ನಿಂತಿತು. ಪೋಹೆ ತಣ್ಣಗಿತ್ತು, ಚಹಾ ಬಿಸಿಯಿತ್ತು. ಸಾತಾರಾ ದಾಟಿದ ಮೇಲೆ ಮಳೆ ಹಿಡಿಯಿತು, ಖಂಬಾಟಕಿ ಘಾಟಿನಲ್ಲಿ ಮೋಡ ಗಾಜಿಗೇ ಬಂದು ಕೂತಿತ್ತು. ಸ್ವಾರಗೇಟಿನಲ್ಲಿ ಇಳಿದಾಗ ಎರಡೂವರೆ. ಬಿಬವೇವಾಡಿಗೆ ಆಟೋದವನು ತೊಂಬತ್ತು ರೂಪಾಯಿ ತೆಗೆದುಕೊಂಡ. ಗುರುನಾಥ ಮನೆಯ ಕೆಳಗೇ ಕೊಡೆ ಹಿಡಿದು ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಜೇಬಿನಲ್ಲಿ ಬಾಚಣಿಗೆ ಮಾತ್ರ ಹಾಗೇ ಇತ್ತು.

ಅವನ ಹೆಂಡತಿ ಸುಮಿತ್ರಾ ಧಾರವಾಡದವರು, ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಊಟಕ್ಕೆ ಬಡಿಸುತ್ತ ನನ್ನ ಮುಂದೆ ದೂರು ಇಟ್ಟರು.

"ಏಳು ಗಾಡಿ ನೋಡ್ಯಾರ ಶೇಖರಣ್ಣ. ಎಲ್ಲಾದಕ್ಕೂ ಒಂದೇ ಮಾತು, ಸೌಂಡ್ ಬಲಕ್ಕ ಎಳೀತದಂತ. ಕುಣೀಲಾರದಾಕಿ ನೆಲ ಡೊಂಕು ಅಂದಿದ್ಲಂತ, ಹಂಗಾತು ಇವರ ಕತಿ."

ಇಂಥ ಮಾತಿಗೆ ಗುರುನಾಥ ಎಂದೂ ಸುಮ್ಮನಿದ್ದವನಲ್ಲ. ಅಂದು ಮಾತ್ರ ಸಾರಿನಲ್ಲಿ ಅನ್ನ ಕಲೆಸುತ್ತ ಕೂತ. ವಯಸ್ಸು ಮೆತ್ತಗೆ ಮಾಡಿದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವನ ಹಳೆಯ ಕಾರಿನಲ್ಲಿ ಹಡಪಸರಕ್ಕೆ ಹೋದೆವು. ಒಂಬತ್ತು ಕಿಲೋಮೀಟರಿಗೆ ಒಂದು ತಾಸು ಹಿಡಿಯಿತು. ಶೋರೂಮಿನಲ್ಲಿ ನಮ್ಮ ಪೆನ್‌ಡ್ರೈವ್ ಹಾಕಿದೆ. ಅದರಲ್ಲಿರುವುದು ನಮ್ಮ ಓಣಿಯ ಭಜನಾ ಮಂಡಳಿಯ ಹಾಡು. ಅಂಗಡಿ ತೆಗೆದ ಹೊಸದರಲ್ಲಿ ನಾವೇ ಎರಡು ಮೈಕು ಇಟ್ಟು ಧ್ವನಿ ಹಿಡಿದದ್ದು: ಎಡಕ್ಕೆ ಹಾರ್ಮೋನಿಯಂ ಪೇಟಿ, ಬಲಕ್ಕೆ ತಬಲಾ, ನಡುವೆ ಹಾಡುವ ಹಿರಿಯರೊಬ್ಬರು. ಹದಿನೆಂಟು ವರ್ಷ ಪ್ರತಿ ಗಾಡಿಯಲ್ಲೂ ಇದನ್ನೇ ಹಚ್ಚಿದ್ದೇವೆ. ಸೆಟ್ಟು ಸರಿಯಿದ್ದರೆ ಹಾಡುವವರು ಮುಂದಿನ ಗಾಜಿನ ನಟ್ಟನಡುವೆ ಕೂತು ಹಾಡಿದ ಹಾಗಾಗಬೇಕು. ಸೆಟ್ಟು ಕೆಟ್ಟದ್ದಾದರೆ ಅವರು ಎದ್ದು ಬಾಗಿಲಿನೊಳಗೆ ಹೋಗಿ ಕೂರುತ್ತಾರೆ.

ನಾನು ಡ್ರೈವರ್ ಸೀಟಿನಲ್ಲಿ ಕೂತು ಕೇಳಿದೆ. ಹಾಡುವವರು ನನ್ನ ಬಲಮೊಣಕಾಲಿನ ಹತ್ತಿರ ಇದ್ದರು. ಇದು ಎಲ್ಲ ಅಗ್ಗದ ಸೆಟ್ಟುಗಳ ರೋಗ. ಡ್ರೈವರು ಬಲಬಾಗಿಲಿಗೆ ಅಂಟಿ ಕೂರುವುದರಿಂದ ಹತ್ತಿರದ ಸ್ಪೀಕರೇ ಜೋರಾಗಿ ಕೇಳಿಸುತ್ತದೆ.

"ಬಲಕ್ಕ ಎಳೀತದ," ಎಂದೆ.

ಗುರುನಾಥನ ಮುಖ ಅರಳಿತು. "ಹೌದಿಲ್ಲೋ? ನಾ ಹೇಳಿದ್ನಿಲ್ಲೋ?" ಎಂದು ನನ್ನ ಬೆನ್ನಿಗೆ ಬಡಿದ. ಮಧ್ಯಾಹ್ನ ನೋಡಿದ ಎರಡನೆಯ ಗಾಡಿಯದೂ ಅದೇ ಕತೆ. ಅದನ್ನು ಕೇಳಿ ಅವನು ನನಗೆ ಮಿಸಳ್ ಕೊಡಿಸಿದ, ಮೇಲೆ ಎರಡು ಜಿಲೇಬಿ ತರಿಸಿದ, ಅಂಗಡಿಯ ಕಾಲದ ಗಿರಾಕಿಗಳನ್ನೆಲ್ಲ ಅನುಕರಿಸಿ ತೋರಿಸಿದ. ಮೀಸೆಯ ಡಾಕ್ಟರು ಹೆಂಡತಿಗೆ ಗೊತ್ತಾಗದ ಹಾಗೆ ಸೀಟಿನ ಕೆಳಗೆ ದೊಡ್ಡ ಸ್ಪೀಕರು ಕೂಡಿಸಲು ಬಂದದ್ದು, ಅದು ಗುಂಯ್ ಎಂದ ಕೂಡಲೇ ಆ ತಾಯಿ ಸೀಟಿನಿಂದ ಎದ್ದದ್ದು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಕಂಪನಿ ಸೆಟ್ಟು ಎಂದರೆ ಕಂಪನಿ ಸೆಟ್ಟೇ ಎಂದು ಇಬ್ಬರೂ ತೀರ್ಪು ಕೊಟ್ಟೆವು. ನಮ್ಮ ಕಸುಬಿನವರ ತಪ್ಪೇ ಇದು. ಏನು ಕೆಟ್ಟು ಕೇಳಿಸಿದರೂ ಮೊದಲು ಬೈಯುವುದು ಪೆಟ್ಟಿಗೆಯನ್ನು.

ಮೂರನೆಯ ದಿನ ಸಾತಾರಾ ರಸ್ತೆಯ ಶೋರೂಮಿಗೆ ಹೋದೆವು. ಈ ಗಾಡಿ ಮೊದಲಿನವಕ್ಕಿಂತ ಮೂರು ಲಕ್ಷ ಹೆಚ್ಚಿನದು. ತೋರಿಸಲು ಬಂದ ಮರಾಠಿ ಹುಡುಗಿ ಕಿಟಕಿಯ ಗಾಜುಗಳನ್ನು ಏರಿಸಿ, ಎಂಜಿನ್ ಆರಿಸಿ, ಹಿಂದಿನ ಸೀಟಿನಲ್ಲಿ ಕೂತಳು. ಡ್ರೈವರ್ ಸೀಟಿನಲ್ಲಿ ಮೊದಲು ನಾನು ಕೂತೆ. ಹಾಡು ಶುರುವಾಯಿತು. ಮಂಡಳಿಯ ಹಿರಿಯರು ಗಾಜಿನ ನಟ್ಟನಡುವೆ ಇದ್ದರು. ಪೇಟಿ ಎಡಕ್ಕೆ, ತಬಲಾ ಬಲಕ್ಕೆ. ಚರಣದ ಕೊನೆಯಲ್ಲಿ ಅವರು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಅವರು ತೀರಿಹೋಗಿ ಎಷ್ಟೋ ವರ್ಷವಾಯಿತು. ನಾವು ಹದಿನೆಂಟು ವರ್ಷ ಗರಗಸ ಹಿಡಿದು ಗುದ್ದಾಡಿದ್ದನ್ನು ಈ ಗಾಡಿ ಕಾರ್ಖಾನೆಯಿಂದಲೇ ಕಲಿತು ಬಂದಿತ್ತು. ಹೊಟ್ಟೆ ಉರಿಯಿತು, ಸಂತೋಷವೂ ಆಯಿತು.

"ಕಾಕಾ, ಆವಾಜ್ ಕಸಾ ವಾಟ್ಲಾ?" ಧ್ವನಿ ಹೇಗನಿಸಿತು ಎಂದು ಹುಡುಗಿ ಕೇಳಿದಳು. ನಾನು ಇಳಿದು ಸೀಟು ಗುರುನಾಥನಿಗೆ ಬಿಟ್ಟು ಎಡಗಡೆ ಕೂತೆ. ಅವನು ಅರ್ಧ ನಿಮಿಷ ಕೇಳಿದ.

"ಇದೂ ಬಲಕ್ಕ ಎಳೀತದ."

ನಾನು ತಮಾಷೆ ಎಂದುಕೊಂಡೆ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಗಾಡಿ ಗಿರಾಕಿಗೆ ಕೊಡುವ ಮೊದಲು ಗುರುನಾಥ ಕಣ್ಣು ಮುಚ್ಚಿ ಕೂರುತ್ತಿದ್ದ. ನಾನು ಸೆಟ್ಟಿನ ಬ್ಯಾಲೆನ್ಸ್ ಗುಬ್ಬಿ ತಿರುಗಿಸಿ ದನಿಯನ್ನು ಎಡಕ್ಕೂ ಬಲಕ್ಕೂ ಸರಿಸುತ್ತಿದ್ದೆ. ದನಿ ಬಂದ ಕಡೆ ಅವನು ಬೆರಳು ತೋರಿಸಬೇಕು. ಒಮ್ಮೆಯೂ ತಪ್ಪಿದವನಲ್ಲ.

"ಕಣ್ಣು ಮುಚ್ಚು, ಬಟ್ಟು ತೋರಸು," ಎಂದೆ.

ಅವನು ಖುಷಿಯಿಂದಲೇ ಕಣ್ಣು ಮುಚ್ಚಿದ. ಈ ಗಾಡಿಯಲ್ಲಿ ಗುಬ್ಬಿ ಇಲ್ಲ, ಪರದೆಯ ಮೇಲೊಂದು ಚುಕ್ಕೆಯಿದೆ. ಅದನ್ನು ಬಲಕ್ಕೆ ಎಳೆದೆ. ಅವನ ಬೆರಳು ಬಲಕ್ಕೆ ಹೋಯಿತು. ಎಡಕ್ಕೆ ಎಳೆದೆ. ಬೆರಳು ಬಲಕ್ಕೇ ಇತ್ತು. ಚುಕ್ಕೆ ಸರಿದಿಲ್ಲವೇನೋ ಎಂದು ಎಡತುದಿಯವರೆಗೂ ಎಳೆದೆ. ಹಾಡು ಪೂರ್ತಿ ನನ್ನ ಪಕ್ಕದ ಬಾಗಿಲಿಗೆ ಬಂತು, ಕಾಲಿಗೆ ಅದರ ನಡುಕ ತಾಗಿತು. ಗುರುನಾಥನ ಬೆರಳು ಬಲಬಾಗಿಲನ್ನೇ ತೋರಿಸುತ್ತಿತ್ತು. ಹಿಂದೆ ಕೂತಿದ್ದ ಹುಡುಗಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ಬರೋಬರಿ ಅದೇನು?" ಎಂದು ಅವನು ಕಣ್ಣು ತೆರೆದ.

"ಬರೋಬರಿ ಅದ," ಎಂದೆ. ನಲವತ್ತು ವರ್ಷದ ಗೆಳೆತನದಲ್ಲಿ ಅವನ ಕಿವಿಯ ಬಗ್ಗೆ ನಾನು ಹೇಳಿದ ಮೊದಲ ಸುಳ್ಳು ಅದು. ನನಗೆ ಬಹಳ ಸಂಕಟವಾಯಿತು.

ಹೊರಗೆ ಮಳೆ ಸಣ್ಣಗೆ ಹನಿಯುತ್ತಿತ್ತು. ಎದುರಿನ ಚಹಾದಂಗಡಿಯಲ್ಲಿ ಎರಡು ಚಹಾ ಹೇಳಿದೆ. ಹೇಗೆ ಶುರು ಮಾಡಲಿ ಎಂದು ನಾನು ಗ್ಲಾಸು ತಿರುಗಿಸುತ್ತಿದ್ದಾಗ ಅವನೇ ಮಾತು ತೆಗೆದ.

"ನೀ ಸುಳ್ಳು ಹೇಳಿದಿ ಶೇಖರ. ನಿನಗ ಮೊದಲಿಂದಲೂ ಸುಳ್ಳು ಹೇಳಾಕ ಬರೂದಿಲ್ಲ."

"ಎಡಕ್ಕ ಇಟ್ಟಿದ್ದೆ," ಎಂದೆ. "ಪೂರಾ ಎಡಕ್ಕ."

ಅವನು ಚಹಾ ಪೂರ್ತಿ ಕುಡಿದು ಗ್ಲಾಸು ಕೆಳಗಿಟ್ಟ. "ಆರು ತಿಂಗಳಾತು. ಒಂದಿನಾ ಮುಂಜಾನೆ ಎದ್ದೆ, ಫೋನ್ ಎಡಗಿವಿಗೆ ಹಿಡಿದೆ, ಲೈನ್ ಹೋಗೇದ ಅಂತ ತಿಳಕೊಂಡೆ. ಬಲಗಿವಿಗೆ ಹಿಡಿದ್ರ ಮಾತು ಬಂತು. ಸುಮಿತ್ರಾಗ ಹೇಳಿಲ್ಲ. ಜೀವನ ಎಲ್ಲಾ ಕಿವಿ ಮ್ಯಾಲೆ ಉಂಡವ ನಾ, ಏನಂತ ಹೇಳ್ಲಿ?"

"ಮತ್ತ ನನ್ನನ್ಯಾಕ ಕರಸಿದಿ?"

"ನೀನೂ ಬಲಕ್ಕ ಎಳೀತದ ಅಂದ್ರ, ಗಾಡೀದ ತಪ್ಪು ಅಂತ ಅಂದ್ಕೊಬಹುದಿತ್ತು. ನಿನ್ನೆ ಎರಡು ಸಲ ಅಂದಿ. ಭಾಳ ಛಲೋ ಅನಿಸಿತ್ತೋ."

ಜಿಲೇಬಿಯ ಅರ್ಥ ನನಗೆ ಆಗ ತಿಳಿಯಿತು. ರಸ್ತೆಯ ಬದಿಯಲ್ಲಿ ನಿಂತು ಅತ್ತೆ, ನಾಚಿಕೆಯೆನಿಸಲಿಲ್ಲ. ಅವನು ಬಾಚಣಿಗೆ ತೆಗೆದು ಒದ್ದೆ ಕೂದಲು ಬಾಚಿಕೊಳ್ಳುತ್ತ ನಿಂತಿದ್ದ.

ಮನೆಗೆ ಹೋಗಿ ಸುಮಿತ್ರಾ ಅವರಿಗೆ ಅವನೇ ಹೇಳಬೇಕೆಂದು ಹಟ ಹಿಡಿದೆ, ಹೇಳಿದ. ನಾಲ್ಕನೆಯ ದಿನ ಮೂವರೂ ಕಿವಿಯ ಡಾಕ್ಟರ ಹತ್ತಿರ ಹೋದೆವು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಅವನನ್ನು ಕೂಡಿಸಿ, ಕಿವಿಗೆ ಹೆಡ್‌ಫೋನು ಹಾಕಿ ಪರೀಕ್ಷೆ ಮಾಡಿದರು. ಎಡಗಿವಿಯ ನರ ಸೋತಿದೆ, ಮೊದಲ ವಾರದಲ್ಲೇ ಬಂದಿದ್ದರೆ ಔಷಧಿಯಿಂದ ಒಂದಿಷ್ಟು ತಿರುಗಿ ಬರುವ ಆಸೆಯಿತ್ತು, ಈಗ ಕಷ್ಟ ಎಂದರು. ಬಲಗಿವಿ ಚೆನ್ನಾಗಿದೆ, ಅದನ್ನು ಕಾಪಾಡಿಕೊಳ್ಳಿ ಎಂದರು. ಮೆಟ್ಟಿಲಿಳಿಯುವಾಗ ಸುಮಿತ್ರಾ ಅವನ ಬಲಗಡೆಗೆ ಬಂದು ನಡೆದರು.

"ಆರು ತಿಂಗಳು ಗಾಡಿಗೋಳ್ನ ಬೈದ್ರಿ," ಎಂದರು ಮೆಲ್ಲಗೆ. "ಒಂದು ಮಾತು ನನಗ ಹೇಳಿದ್ರ ಏನಾಗ್ತಿತ್ತು?"

ಸಂಜೆ ಆ ಮೂರನೆಯ ಗಾಡಿಯನ್ನೇ ಬುಕ್ ಮಾಡಿದರು. ಓಡಿಸಿ ನೋಡಿದವರು ಸುಮಿತ್ರಾ.

ಐದನೆಯ ದಿನ ನನ್ನನ್ನು ಸ್ವಾರಗೇಟಿಗೆ ಬಿಡಲು ಹಳೆಯ ಕಾರು ತೆಗೆದಾಗ ಕೀಲಿ ಸುಮಿತ್ರಾ ಅವರ ಕೈಯಲ್ಲಿತ್ತು. ಸ್ಟೀರಿಂಗನ್ನು ಯಾರಿಗೂ ಬಿಟ್ಟುಕೊಡದಿದ್ದ ಗುರುನಾಥ ಸುಮ್ಮನೆ ಎಡಗಡೆಯ ಬಾಗಿಲು ತೆಗೆದು ಕೂತ. ನಿಲ್ದಾಣದ ಹೊರಗೆ ಗಾಡಿ ನಿಲ್ಲಿಸಿ ಇಬ್ಬರೂ ಇಳಿಯಹೊರಟರು, ಮಳೆಯಲ್ಲಿ ಬೇಡ ಎಂದೆ. ಪೆನ್‌ಡ್ರೈವ್ ಅವನ ಕೈಗೆ ಕೊಟ್ಟು, ಇದು ಇನ್ನು ಇಲ್ಲೇ ಇರಲಿ ಎಂದೆ. ಅವನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

ಬೆಳಗಾವಿ ಬಸ್ಸು ಹತ್ತು ಗಂಟೆಗೆ ಗೇಟು ದಾಟಿ ರಸ್ತೆಗಿಳಿಯಿತು. ಟ್ರಾಫಿಕ್ಕಿನಲ್ಲಿ ಸಿಕ್ಕಿ ಅವರ ಕಾರಿನ ಎದುರಿಗೇ ಒಂದು ಕ್ಷಣ ನಿಂತಿತು. ಅವರು ಇನ್ನೂ ಹೋಗಿರಲಿಲ್ಲ. ಕಿಟಕಿಯಿಂದ ಕೆಳಗೆ ನೋಡಿದೆ. ಸ್ಟೀರಿಂಗ್ ಹಿಂದೆ ಸುಮಿತ್ರಾ ಕಣ್ಣು ಮುಚ್ಚಿ, ಬೆರಳು ಚಾಚಿ ಕೂತಿದ್ದರು. ಬೆರಳು ಬಲಬಾಗಿಲಿನ ಕಡೆಗಿತ್ತು. ಗುರುನಾಥ ಸೆಟ್ಟಿನ ಗುಬ್ಬಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದ, ಮತ್ತೆ ಒಂದಿಷ್ಟು ತಿರುಗಿಸಿದ. ಬೆರಳು ನಿಧಾನವಾಗಿ ಸರಿಯುತ್ತ ಗಾಜಿನ ನಡುವಿಗೆ ಬಂದು ನಿಂತಿತು. ನಾನು ಕೈ ಬೀಸಿದ್ದು ಅವನಿಗೆ ಕಾಣಲಿಲ್ಲ. ಅವನು ಆ ಬೆರಳನ್ನೇ ನೋಡುತ್ತಿದ್ದ.